ತಾರಸಿ ಮಾಲೀಕರದು, ಬಿಲ್ಲು ಬಾಡಿಗೆದಾರರದು, ಉಳಿತಾಯ ಯಾರದು?

ಪ್ರಶ್ನೆ: ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ನಮ್ಮದೊಂದು ಮೂರು ಅಂತಸ್ತಿನ ವಾಣಿಜ್ಯ ಕಟ್ಟಡವಿದೆ. ಕೆಳಗೆ ಬಟ್ಟೆ ಅಂಗಡಿ, ನಡುವೆ ರಕ್ತ ಪರೀಕ್ಷೆಯ ಲ್ಯಾಬ್, ಮೇಲೆ ಕೋಚಿಂಗ್ ಸೆಂಟರ್. ಜೆಸ್ಕಾಂ ಮೀಟರ್ ಒಂದೇ, ಅದು ನನ್ನ ಹೆಸರಿನಲ್ಲಿದೆ. ಮೂವರಿಗೂ ಸಬ್ ಮೀಟರ್ ಹಾಕಿಸಿದ್ದೇನೆ. ಬೇಸಿಗೆ ಬಂತೆಂದರೆ ಬಿಲ್ಲಿನ ಜಗಳ ತಪ್ಪಿದ್ದಲ್ಲ. ‘ತಾರಸಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಹಚ್ಚಿಸಿಕೊಡಿ, ಇಲ್ಲವೇ ಬಾಡಿಗೆ ಇಳಿಸಿ, ಎರಡೂ ಆಗದಿದ್ದರೆ ಜೂನ್‌ಗೆ ಖಾಲಿ ಮಾಡುತ್ತೇವೆ’ ಎಂದು ಮೇಲಿನವರು ಪಟ್ಟು ಹಿಡಿದಿದ್ದಾರೆ. ಕರೆಂಟು ಬಳಸುವವರು ಅವರು, ಬಿಲ್ಲು ಕಟ್ಟುವವರೂ ಅವರೇ. ನಾನೇಕೆ ಖರ್ಚು ಮಾಡಬೇಕು? ಸೋಲಾರ್ ಹಾಕಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ?

ಉತ್ತರ: ನೀವು ಸುಮ್ಮನೆ ಖರ್ಚು ಮಾಡಬೇಕಾಗಿಲ್ಲ. ಹಣ ಹಾಕಿ, ಅದನ್ನು ಬಾಡಿಗೆದಾರರಿಗೆ ಆಗುವ ಉಳಿತಾಯದಿಂದಲೇ ತಿಂಗಳು ತಿಂಗಳು ವಾಪಸು ಪಡೆಯಿರಿ. ಆದರೆ ಕೆಲಸ ಶುರುವಾಗುವ ಮುನ್ನವೇ ಅದನ್ನು ಕರಾರುಪತ್ರದಲ್ಲಿ ಬರೆದುಕೊಳ್ಳಬೇಕು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಹೇಗೆ ಬರೆಯಬೇಕು, ಎಷ್ಟು ಎಂದು ಬರೆಯಬೇಕು, ಬರೆಯುವ ಮೊದಲು ಏನನ್ನು ಅಳೆಯಬೇಕು ಎಂಬುದನ್ನು ವಿವರವಾಗಿ ಹೇಳುತ್ತೇನೆ.

ನಿಮ್ಮಿಬ್ಬರ ನಡುವಿನ ತೊಡಕು ಯಾರ ಸ್ವಭಾವದಿಂದಲೂ ಬಂದದ್ದಲ್ಲ. ತಾರಸಿ, ಗೋಡೆ, ವೈರಿಂಗ್ ನಿಮ್ಮ ಆಸ್ತಿ. ಅವನ್ನು ಸುಧಾರಿಸಿದರೆ ಲಾಭ ಬಿಲ್ಲು ಕಟ್ಟುವವರಿಗೆ. ಬಿಲ್ಲು ಕಟ್ಟುವವರಿಗೆ ತಾರಸಿಯ ಮೇಲೆ ಹಕ್ಕಿಲ್ಲ. ನಾಳೆ ಬಿಟ್ಟುಹೋಗುವ ಕಟ್ಟಡಕ್ಕೆ ಅವರು ದುಡ್ಡು ಸುರಿಯುವುದಿಲ್ಲ. ಹೀಗಾಗಿ ಇಬ್ಬರೂ ಕೈಕಟ್ಟಿ ಕುಳಿತಿರುತ್ತಾರೆ, ಬಿಸಿಲು ತನ್ನ ಕೆಲಸ ಮಾಡುತ್ತಿರುತ್ತದೆ. ಬಾಡಿಗೆ ಕಟ್ಟಡಗಳು ಇರುವ ಎಲ್ಲ ಊರುಗಳಲ್ಲೂ ಇದೇ ಕಥೆ. ಆದರೆ ರಾಯಚೂರಿನಂಥ ಊರಿನಲ್ಲಿ ಇದರ ಬೆಲೆ ಹೆಚ್ಚು. ಅದಕ್ಕೆ ಕಾರಣ ನಮ್ಮ ಸೂರ್ಯ.

ರಾಯಚೂರು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ತಿಂಗಳ ಮೊದಲ ವಾರದಲ್ಲಿ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ನಿಂತಿರುತ್ತಾನೆ. ಆಗ ಗೋಡೆಗಳ ಮೇಲೆ ಬೀಳುವುದಕ್ಕಿಂತ ಹೆಚ್ಚಿನ ಬಿಸಿಲು ತಾರಸಿಯ ಮೇಲೆ ಬೀಳುತ್ತದೆ. ಬರಿ ಕಾಂಕ್ರೀಟಿನ, ಕಾಲಕ್ರಮೇಣ ಕಪ್ಪಿಟ್ಟ ತಾರಸಿ ಆ ಶಾಖವನ್ನು ಕುಡಿದು ನಿಧಾನವಾಗಿ ಒಳಕ್ಕೆ ಬಿಡುತ್ತದೆ. ಐದಾರು ಅಂಗುಲ ದಪ್ಪದ ಸ್ಲ್ಯಾಬ್ ದಾಟಲು ಶಾಖಕ್ಕೆ ಕೆಲವು ಗಂಟೆ ಬೇಕು. ಮಧ್ಯಾಹ್ನ ಮೇಲೆ ಬಿದ್ದ ಬಿಸಿ ಒಳಗಿನವರನ್ನು ಮುಟ್ಟುವುದು ಸಂಜೆಗೆ. ಒಂದು ದಿನ ಸಂಜೆ ಆರು ಗಂಟೆಗೆ ನೀವೇ ಮೇಲಿನ ಮಹಡಿಗೆ ಹೋಗಿ, ಬೆಂಚು ಹತ್ತಿ ಸೂರಿಗೆ ಅಂಗೈ ಒತ್ತಿ ನೋಡಿ. ಹೊರಗೆ ಗಾಳಿ ತಂಪಾಗತೊಡಗಿದ್ದರೂ ಸೂರು ಬೆಚ್ಚಗೆ ಕಾದಿರುತ್ತದೆ. ಸಂಜೆ ಬ್ಯಾಚಿನ ಮಕ್ಕಳು ಆ ಸೂರಿನ ಕೆಳಗೇ ಕುಳಿತಿರುತ್ತಾರೆ. ಎಸಿ ಬಿಟ್ಟೂಬಿಡದೆ ಓಡುವುದೂ ಅದೇ ಹೊತ್ತಿನಲ್ಲಿ. ಮಧ್ಯದ ಮಹಡಿಯ ಲ್ಯಾಬಿನವರಿಗೆ ಈ ತೊಂದರೆ ಇಲ್ಲ, ಅವರ ತಲೆಯ ಮೇಲೆ ಕೋಚಿಂಗ್ ಸೆಂಟರೇ ನೆರಳಾಗಿದೆ. ಮೇಲಿನವರು ಹಟಮಾರಿಗಳೆಂದು ತೀರ್ಮಾನಿಸುವ ಮೊದಲು ಇದನ್ನು ನೋಡಿ ಬನ್ನಿ ಎಂದು ವಿನಂತಿಸುತ್ತೇನೆ.

ಇನ್ನು ಲೆಕ್ಕ. ಈ ಅಂಕಿಗಳನ್ನು ಉದಾಹರಣೆಗೆ ಹಿಡಿದಿದ್ದೇನೆ. ಇವುಗಳ ಜಾಗದಲ್ಲಿ ನಿಮ್ಮ ಬಿಲ್ಲಿನ ಅಂಕಿಗಳನ್ನು ಹಾಕಿಕೊಳ್ಳಿ. ತಾರಸಿ 1,500 ಚದರಡಿ, ತೊಳೆದು ಬಿರುಕು ಮುಚ್ಚಿ ಬಿಳಿ ಲೇಪನ ಹಚ್ಚಲು ಚದರಡಿಗೆ 20 ರೂಪಾಯಿ ಎಂದರೆ 30,000 ರೂಪಾಯಿ. ಮೇಲಿನವರ ಎಸಿಗಳು ವರ್ಷಕ್ಕೆ 10,000 ಯೂನಿಟ್ ಬಳಸುತ್ತವೆ, ಲೇಪನದಿಂದ ಅದರಲ್ಲಿ ನೂರಕ್ಕೆ 15 ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. 1,500 ಯೂನಿಟ್. ಯೂನಿಟ್‌ಗೆ 8 ರೂಪಾಯಿಯಂತೆ 12,000 ರೂಪಾಯಿ, ತಿಂಗಳಿಗೆ ಸರಾಸರಿ 1,000. ಹಾಕಿದ ಹಣ ಎರಡೂವರೆ ವರ್ಷಕ್ಕೆ ಹುಟ್ಟಬೇಕು.

ಆದರೆ ಬಾಡಿಗೆದಾರರು ಆ 1,000 ರೂಪಾಯಿಯನ್ನೂ ನಿಮಗೇ ಕೊಟ್ಟುಬಿಟ್ಟರೆ ಅವರಿಗೇನು ಬಂತು? ಅಂದುಕೊಂಡಷ್ಟು ಉಳಿಯದಿದ್ದರೆ ಕೈಯಿಂದ ಕಟ್ಟಬೇಕಾಗುತ್ತದೆ. ಈ ಅಂಜಿಕೆ ಸಹಜ. ಇದಕ್ಕೆ ನ್ಯೂಯಾರ್ಕ್ ನಗರಾಡಳಿತ 2011ರಲ್ಲಿ ಒಂದು ದಾರಿ ಮಾಡಿಕೊಟ್ಟಿತು. ಅಲ್ಲಿನ ಕಚೇರಿ ಕಟ್ಟಡಗಳಲ್ಲೂ ಇದೇ ಹಗ್ಗಜಗ್ಗಾಟ ನಡೆದಿತ್ತು. ಬಾಡಿಗೆ ಕರಾರಿಗೆ ಸೇರಿಸಲು ಒಂದು ಮಾದರಿ ಷರತ್ತನ್ನು ಅವರು ಸಿದ್ಧಪಡಿಸಿದರು: ಎಂಜಿನಿಯರ್ ಮೊದಲು ಉಳಿತಾಯವನ್ನು ಅಂದಾಜಿಸಬೇಕು, ಮಾಲೀಕರು ಆ ಅಂದಾಜಿನ ನೂರಕ್ಕೆ 80 ಭಾಗವನ್ನು ಮಾತ್ರ ಬಾಡಿಗೆದಾರರಿಂದ ವಸೂಲು ಮಾಡಬೇಕು, ಹಾಕಿದ ಹಣ ತೀರಿದೊಡನೆ ವಸೂಲಿ ನಿಲ್ಲಬೇಕು. ಉಳಿತಾಯ ಅಂದಾಜಿಗಿಂತ ಸ್ವಲ್ಪ ಕೆಳಗಿಳಿದರೂ ಬಾಡಿಗೆದಾರರಿಗೆ ನಷ್ಟವಾಗುವುದಿಲ್ಲ, ಮಾಲೀಕರ ಹಣ ಬರುವುದು ಕೊಂಚ ತಡವಾಗುತ್ತದೆ ಅಷ್ಟೆ. ನಿಮ್ಮ ಲೆಕ್ಕಕ್ಕೆ ಇದನ್ನು ಹಾಕಿದರೆ ತಿಂಗಳಿಗೆ 800 ರೂಪಾಯಿ ನಿಮಗೆ, 200 ರೂಪಾಯಿ ಅವರಿಗೆ. ಮೂರು ವರ್ಷ ದಾಟಿ ಒಂದೆರಡು ತಿಂಗಳಿಗೆ ನಿಮ್ಮ 30,000 ಪೂರ್ತಿ ಕೈಸೇರುತ್ತದೆ. ಆಮೇಲಿನ ಉಳಿತಾಯವೆಲ್ಲ ಅವರದು. ಬಿರುಕು ಮುಚ್ಚಿದ ತಾರಸಿ ಮಾತ್ರ ನಿಮ್ಮದಾಗಿಯೇ ಉಳಿಯುತ್ತದೆ. ಮೇಲಿನ ಮಹಡಿ ಎರಡು ತಿಂಗಳು ಖಾಲಿ ಬಿದ್ದರೆ ಆಗುವ ನಷ್ಟದ ಪಕ್ಕದಲ್ಲಿ ಈ 30,000ವನ್ನು ಇಟ್ಟು ನೋಡಿ.

ನೂರಕ್ಕೆ 15 ಎಂಬ ನನ್ನ ಅಂಕಿಯನ್ನು ಕಣ್ಣುಮುಚ್ಚಿ ನಂಬಬೇಕಿಲ್ಲ. ಕಡಿಮೆ ಖರ್ಚಿನಲ್ಲಿ ಪರೀಕ್ಷೆ ಮಾಡಲು ಸಾಧ್ಯ. ಈ ಬೇಸಿಗೆಗೆ ತಾರಸಿಯನ್ನು ತೊಳೆಸಿ, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಸಿ. ಮಳೆಗಾಲದಲ್ಲಿ ಅದು ಕರಗಿಹೋಗುತ್ತದೆ, ಹೋಗಲಿ, ಖರ್ಚು ಸಣ್ಣದು. ಬಳಿಯುವ ಮೊದಲು ಹತ್ತು ದಿನ, ಬಳಿದ ಮೇಲೆ ಹತ್ತು ದಿನ ಮೇಲಿನವರ ಸಬ್ ಮೀಟರ್ ರೀಡಿಂಗ್ ಅನ್ನೂ ಎಸಿ ಓಡಿದ ಗಂಟೆಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಕಳೆದ ವರ್ಷದ ಅದೇ ತಿಂಗಳ ಬಿಲ್ಲನ್ನೂ ಪಕ್ಕಕ್ಕಿಟ್ಟುಕೊಳ್ಳಿ. ಇಬ್ಬರೂ ಕೂಡಿ ಬರೆದ ಅಂಕಿಯ ಮೇಲೆ ಆಡುವ ಮಾತಿಗೆ ತೂಕವಿರುತ್ತದೆ. ಅಂಕಿ ನೋಡಿದ ಮೇಲೆ, ಮುಂದಿನ ವರ್ಷ ಬಾಳಿಕೆ ಬರುವ ಲೇಪನವೋ ಬಿಳಿ ಟೈಲ್ಸೋ ಎಂದು ತೀರ್ಮಾನಿಸಿ. ಒಂದು ಎಚ್ಚರಿಕೆ: ನಮ್ಮ ಕಡೆಯ ಧೂಳಿಗೆ ಬಿಳಿ ತಾರಸಿ ಬಹಳ ದಿನ ಬಿಳಿಯಾಗಿ ಉಳಿಯುವುದಿಲ್ಲ. ಬಳ್ಳಾರಿ, ಸಂಡೂರಿನ ಕಡೆ ಅದಿರಿನ ಕೆಂಪು ಧೂಳು ಕೂತರೆ ಇನ್ನೂ ಬೇಗ ಮಾಸುತ್ತದೆ. ಮಾಸಿದ ಬಿಳಿ ಬಿಸಿಲನ್ನು ಮೊದಲಿನಷ್ಟು ಹಿಂದಕ್ಕೆ ಕಳಿಸುವುದಿಲ್ಲ. ಹಚ್ಚಿಸುವುದು ಮಾಲೀಕರ ಕೆಲಸ, ವರ್ಷಕ್ಕೆ ಎರಡು ಬಾರಿ ತೊಳೆಸುವುದು ಬಾಡಿಗೆದಾರರ ಕೆಲಸ ಎಂದು ಹಂಚಿಕೊಳ್ಳುವುದು ನ್ಯಾಯ.

ಈಗ ಕರಾರಿನ ಅವಧಿಗೆ ಬರೋಣ. ನಿಮ್ಮದು 11 ತಿಂಗಳ ಕರಾರು ಎಂದು ಭಾವಿಸುತ್ತೇನೆ, ನಮ್ಮಲ್ಲಿ ಬಹುತೇಕ ಮಳಿಗೆಗಳದ್ದು ಹಾಗೆಯೇ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ಕಾನೂನಿನ ಪ್ರಕಾರ ನೋಂದಣಿ ಮಾಡಿಸಲೇಬೇಕು. ಮುದ್ರಾಂಕ ಮತ್ತು ನೋಂದಣಿ ಶುಲ್ಕ ತಪ್ಪಿಸಲು 11 ತಿಂಗಳ ಪತ್ರ ಬರೆದು ಪ್ರತಿ ವರ್ಷ ಮುಂದುವರಿಸುವ ರೂಢಿ ಬೆಳೆದಿದೆ. ವಿದ್ಯುತ್ ಉಳಿತಾಯಕ್ಕೆ ಈ ರೂಢಿಯಷ್ಟು ಅಡ್ಡಿ ಬೇರೊಂದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. 11 ತಿಂಗಳಿಗೆ ಮೇಲೆ ಏನೆಂದು ಗೊತ್ತಿಲ್ಲದವರು ಹಳೆಯ ಟ್ಯೂಬ್‌ಲೈಟನ್ನು ಬದಲಾಯಿಸಿಯಾರು, ಅದಕ್ಕಿಂತ ದೊಡ್ಡದಕ್ಕೆ ಕೈಹಾಕುವುದಿಲ್ಲ. ಮೂರು ಅಥವಾ ಐದು ವರ್ಷದ ನೋಂದಾಯಿತ ಕರಾರಿಗೆ ಹೋಗಿ. ನೋಂದಣಿ ಖರ್ಚನ್ನು ಇಬ್ಬರೂ ಅರ್ಧರ್ಧ ಹಾಕಿಕೊಳ್ಳಿ. ಕರಾರಿಗೆ ಇಂಥ ಒಂದು ಪರಿಚ್ಛೇದ ಸೇರಿಸಿ, ಭಾಷೆಯನ್ನು ನಿಮ್ಮ ವಕೀಲರು ತಿದ್ದಲಿ:

‘ತಾರಸಿಗೆ ಬಿಳಿ ಲೇಪನ ಹಾಕಿಸುವ ವೆಚ್ಚ 30,000 ರೂಪಾಯಿಯನ್ನು ಮಾಲೀಕರು ಭರಿಸತಕ್ಕದ್ದು. ಉಭಯತರೂ ಒಪ್ಪಿದ ಅಂದಾಜು ಉಳಿತಾಯದ ನೂರಕ್ಕೆ 80 ಭಾಗವಾದ ಮಾಸಿಕ 800 ರೂಪಾಯಿಯನ್ನು, ಸದರಿ ವೆಚ್ಚ ತೀರುವವರೆಗೆ ಮಾತ್ರ, ಬಾಡಿಗೆದಾರರು ಮಾಲೀಕರಿಗೆ ಪಾವತಿಸತಕ್ಕದ್ದು. ಈ ಮೊತ್ತವನ್ನು ಬಾಡಿಗೆ ಏರಿಕೆಯ ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಬಾಡಿಗೆದಾರರು ಅವಧಿಯ ಕೊನೆಯಲ್ಲಿ ತೆರವು ಮಾಡಿದಲ್ಲಿ ಬಾಕಿ ಮೊತ್ತವನ್ನು ಅವರ ಮುಂಗಡದಲ್ಲಿ ಕಳೆಯತಕ್ಕದ್ದಲ್ಲ. ತಾರಸಿಯನ್ನು ವರ್ಷಕ್ಕೆ ಎರಡು ಬಾರಿ ತೊಳೆಸುವ ಹೊಣೆ ಬಾಡಿಗೆದಾರರದು.’

ಇದರಲ್ಲಿ ಎರಡು ಸಾಲುಗಳನ್ನು ನಾನು ಬೇಕೆಂದೇ ಸೇರಿಸಿದ್ದೇನೆ. ಮೊದಲನೆಯದು, ಈ ಮೊತ್ತ ಬಾಡಿಗೆ ಏರಿಕೆಯ ಲೆಕ್ಕಕ್ಕೆ ಬರುವುದಿಲ್ಲ ಎಂಬುದು. ವರ್ಷಕ್ಕೆ ನೂರಕ್ಕೆ ಐದೋ ಹತ್ತೋ ಏರುವ ಬಾಡಿಗೆಯೊಳಗೆ 800 ರೂಪಾಯಿಯನ್ನೂ ಬೆರೆಸಿಬಿಟ್ಟರೆ ಅದೂ ಬೆಳೆಯುತ್ತಾ ಹೋಗುತ್ತದೆ, ಎಂದಿಗೂ ತೀರುವುದಿಲ್ಲ. ಎರಡನೆಯದು ಬಾಕಿಯನ್ನು ಮುಂಗಡದಲ್ಲಿ ಹಿಡಿಯಬಾರದೆಂಬುದು. ತಾರಸಿ ನಿಮ್ಮ ಬಳಿಯೇ ಇರುತ್ತದೆ, ಅದರ ತಂಪು ಮುಂದಿನ ಬಾಡಿಗೆದಾರರಿಗೆ ಸಿಗುತ್ತದೆ. ಬಾಕಿಯನ್ನು ಅವರಿಂದ ಪಡೆಯಿರಿ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಈ ಮೊತ್ತಕ್ಕೆ ತೆರಿಗೆ ಹೇಗೆ ಹಾಕಬೇಕೆಂದು ನಿಮ್ಮ ಲೆಕ್ಕಪರಿಶೋಧಕರನ್ನು ಮೊದಲೇ ಕೇಳಿಬಿಡಿ. ವಾಣಿಜ್ಯ ಬಾಡಿಗೆಗೆ ನೂರಕ್ಕೆ 18 ತೆರಿಗೆ ಇರುವುದರಿಂದ, ಕೇಳದೆ ಬರೆದರೆ ಆಮೇಲೆ ಆ ಭಾರ ಯಾರ ತಲೆಗೆ ಎಂಬ ಹೊಸ ಜಗಳ ಹುಟ್ಟುತ್ತದೆ.

ಇಷ್ಟೆಲ್ಲ ಬರೆದರೂ ನಿಮ್ಮ ಕಟ್ಟಡದಲ್ಲಿ ಒಂದು ಮೂಲ ದೋಷ ಉಳಿಯುತ್ತದೆ. ಅದು ಒಂದೇ ಮೀಟರ್. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಏಕೆಂದರೆ ಬಿಲ್ಲಿನ ಜಗಳಗಳ ಬೇರು ಇರುವುದು ಇಲ್ಲಿಯೇ.

ಜೆಸ್ಕಾಂ ಬಿಲ್ಲನ್ನು ಕೈಗೆತ್ತಿಕೊಳ್ಳಿ. ನಿಮ್ಮ ಸಂಪರ್ಕದ ಗುರುತಾದ ಆರ್‌ಆರ್ ಸಂಖ್ಯೆಯ ಜೊತೆಗೆ ಮಂಜೂರಾದ ಲೋಡ್, ಅಂದರೆ ಒಂದೇ ಹೊತ್ತಿಗೆ ಎಳೆಯಲು ಅನುಮತಿ ಇರುವ ವಿದ್ಯುತ್, ಎಷ್ಟು ಕಿಲೋವಾಟ್ ಎಂಬುದಿರುತ್ತದೆ. ಆ ಲೋಡಿಗೆ ತಕ್ಕಂತೆ ನಿಗದಿತ ಶುಲ್ಕ ಬರುತ್ತದೆ. ಅಂಗಡಿ ತಿಂಗಳಿಡೀ ಮುಚ್ಚಿದ್ದರೂ ಅದನ್ನು ಕಟ್ಟಲೇಬೇಕು. ಬಳಸಿದ ಯೂನಿಟ್‌ಗಳ ಹಣ ಬೇರೆ. ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಬೇರೆ, ತೆರಿಗೆ ಬೇರೆ. ಜೊತೆಗೆ ಆ ತಿಂಗಳು ಒಂದೇ ಹೊತ್ತಿಗೆ ಎಳೆದ ಗರಿಷ್ಠ ಬೇಡಿಕೆಯನ್ನೂ ಮೀಟರ್ ದಾಖಲಿಸಿರುತ್ತದೆ. ಇದು ಮಂಜೂರಾದ ಲೋಡನ್ನು ಮೀರಿದರೆ ದಂಡ ಬೀಳುತ್ತದೆ. ಈಗ ಯೋಚಿಸಿ: ಬಟ್ಟೆ ಅಂಗಡಿಯವರು ಹಬ್ಬದ ವ್ಯಾಪಾರಕ್ಕೆಂದು ಎರಡು ಎಸಿ ಹೆಚ್ಚಿಗೆ ಹಾಕಿದರು, ಗರಿಷ್ಠ ಬೇಡಿಕೆ ಏರಿ ದಂಡ ಬಂತು. ಅದನ್ನು ಮೂವರಿಗೂ ಹಂಚಿದರೆ ತಂಪು ಕಾಣದ ಲ್ಯಾಬಿನವರು ಏಕೆ ಕೊಡಬೇಕು? ಮೇಲಿನವರು ಕಷ್ಟಪಟ್ಟು ಉಳಿಸಿದ್ದು ಕೆಳಗಿನವರ ದಂಡದಲ್ಲಿ ಕೊಚ್ಚಿಹೋದರೆ ಮುಂದಿನ ಸಲ ಯಾರು ಉಳಿಸುತ್ತಾರೆ?

ಆದ್ದರಿಂದ ಮೂರೂ ಮಹಡಿಗಳಿಗೆ ಬೇರೆಬೇರೆ ಜೆಸ್ಕಾಂ ಸಂಪರ್ಕ ಮಾಡಿಸಿ, ಮೆಟ್ಟಿಲು ದೀಪ, ನೀರಿನ ಮೋಟಾರಿಗೆ ನಿಮ್ಮ ಹೆಸರಿನ ನಾಲ್ಕನೆಯದು ಇರಲಿ. 2003ರ ವಿದ್ಯುತ್ ಕಾಯ್ದೆಯ 43ನೇ ಸೆಕ್ಷನ್ ಕಟ್ಟಡದ ಮಾಲೀಕರು ಮಾತ್ರವಲ್ಲ, ಅದರಲ್ಲಿ ಇರುವವರೂ ಸಂಪರ್ಕ ಕೇಳಬಹುದೆಂದು ಹೇಳುತ್ತದೆ. ನಿಮ್ಮ ಒಪ್ಪಿಗೆ ಪತ್ರ ಜೊತೆಗಿದ್ದರೆ ಕೆಲಸ ಸಲೀಸು. ಅಲ್ಲಿಯವರೆಗೆ ಸಬ್ ಮೀಟರ್ ಲೆಕ್ಕವನ್ನು ಸರಿಯಾಗಿ ಮಾಡಿ. ನಿಗದಿತ ಶುಲ್ಕವನ್ನು ಪ್ರತಿಯೊಬ್ಬರ ಲೋಡಿಗೆ ತಕ್ಕಂತೆ, ಯೂನಿಟ್ ಹಣವನ್ನು ಅವರವರ ರೀಡಿಂಗ್‌ಗೆ ತಕ್ಕಂತೆ ಹಂಚಿ. ಮುಖ್ಯ ಮೀಟರಿನ ಯೂನಿಟ್‌ಗಳಲ್ಲಿ ಸಬ್ ಮೀಟರುಗಳ ಮೊತ್ತ ಕಳೆದು ಉಳಿದದ್ದು ಮೋಟಾರು, ಮೆಟ್ಟಿಲು ದೀಪಗಳ ಲೆಕ್ಕ, ಅಂದರೆ ನಿಮ್ಮದು. ಯೂನಿಟ್‌ಗೆ ಇಷ್ಟು ಎಂದು ದುಂಡು ದರ ಕಟ್ಟಿ ನಾಲ್ಕು ಕಾಸು ಮಿಗಿಸಿಕೊಳ್ಳುವ ಕ್ರಮ ನಿಮ್ಮಲ್ಲಿದ್ದರೆ ಇಂದೇ ಬಿಡಿ. ಪ್ರತಿ ತಿಂಗಳು ಬಿಲ್ಲಿನ ಮತ್ತು ನಾಲ್ಕೂ ರೀಡಿಂಗ್‌ಗಳ ಫೋಟೊ ತೆಗೆದು ಮೂವರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಬಿಲ್ಲನ್ನು ಬಚ್ಚಿಡುವ ಮಾಲೀಕರ ಮಾತನ್ನು ಯಾವ ಬಾಡಿಗೆದಾರರೂ ನಂಬುವುದಿಲ್ಲ, ನಂಬಿಕೆ ಇಲ್ಲದ ಕಡೆ ಮೇಲೆ ಹೇಳಿದ 80-20ರ ಲೆಕ್ಕ ನಡೆಯುವುದಿಲ್ಲ.

ಮೀಟರಿನ ಮುಂದೆ ನಿಂತಾಗ ಇನ್ನೊಂದು ಕೆಲಸ ಮಾಡಿ. ರಾತ್ರಿ ಎಲ್ಲರೂ ಬೀಗ ಹಾಕಿಕೊಂಡು ಹೋದ ಮೇಲೆ ಮೀಟರಿನ ಕೆಂಪು ದೀಪ ಮಿನುಗುವುದನ್ನು ಒಂದು ನಿಮಿಷ ಎಣಿಸಿ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಮೀಟರಿನ ಮುಖದ ಮೇಲೆಯೇ ಮುದ್ರಿಸಿರುತ್ತದೆ. ಅದು 1,600 ಇದ್ದು, ನಿಮಿಷಕ್ಕೆ 16 ಸಲ ಮಿನುಗಿದರೆ ಗಂಟೆಗೆ 960 ಸಲ, ಅಂದರೆ 0.6 ಯೂನಿಟ್. ರಾತ್ರಿ ಒಂಬತ್ತರಿಂದ ಬೆಳಗ್ಗೆ ಹತ್ತರವರೆಗೆ 13 ಗಂಟೆಗೆ 7.8 ಯೂನಿಟ್, ತಿಂಗಳಿಗೆ 234 ಯೂನಿಟ್, 1,800 ರೂಪಾಯಿಗೂ ಹೆಚ್ಚು. ಲ್ಯಾಬಿನ ಫ್ರಿಜ್ ರಾತ್ರಿಯೂ ಓಡಬೇಕು, ಅದರಲ್ಲಿ ರಾಸಾಯನಿಕಗಳಿರುತ್ತವೆ. ಆದರೆ ಉಳಿದದ್ದು? ಬೆಳಗಿನವರೆಗೆ ಉರಿಯುವ ಬೋರ್ಡಿನ ದೀಪ, ಕೋಚಿಂಗ್‌ನ ವಾಟರ್ ಕೂಲರ್, ಆರಿಸದ ಕಂಪ್ಯೂಟರ್‌ಗಳು. ಒಂದೊಂದೇ ಮಹಡಿಯ ಮೇನ್ ಸ್ವಿಚ್ ತೆಗೆಸಿ ನೋಡಿದರೆ ಯಾರದೆಂದು ಹದಿನೈದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೂವರನ್ನೂ ಎದುರಿಗೆ ನಿಲ್ಲಿಸಿಕೊಂಡೇ ಮಾಡಿ, ಬೆರಳು ತೋರಿಸುವ ಪ್ರಮೇಯ ಬರುವುದಿಲ್ಲ.

ಬಾಡಿಗೆದಾರರು ತಮ್ಮ ಕೈಯಿಂದಲೇ ಮಾಡಬೇಕಾದದ್ದೂ ಬಹಳಷ್ಟಿದೆ. ಎಲ್ಲವನ್ನೂ ತಾರಸಿಯ ಮೇಲೆ ಹೇರುವುದು ಸರಿಯಲ್ಲ. ಹಳೆಯ ಟ್ಯೂಬ್‌ಲೈಟು ಚೋಕ್ ಸೇರಿ ಸುಮಾರು 50 ವ್ಯಾಟ್ ಎಳೆಯುತ್ತದೆ, ಅದೇ ಬೆಳಕಿನ ಎಲ್‌ಇಡಿ ಪಟ್ಟಿಗೆ 20 ವ್ಯಾಟ್ ಸಾಕು. 40 ದೀಪಗಳಿದ್ದು ದಿನಕ್ಕೆ ಹತ್ತು ಗಂಟೆ ಉರಿದರೆ ದಿನಕ್ಕೆ 12 ಯೂನಿಟ್ ಉಳಿತಾಯ. ತಿಂಗಳಿಗೆ 26 ದಿನ ಹಿಡಿದರೂ 2,500 ರೂಪಾಯಿ. ದೀಪವೊಂದಕ್ಕೆ 250 ರೂಪಾಯಿ ಎಂದರೂ ನಾಲ್ಕೇ ತಿಂಗಳಲ್ಲಿ ಹಣ ವಾಪಸು. 11 ತಿಂಗಳ ಕರಾರಿನವರೂ ಇದನ್ನು ಮಾಡದಿರಲು ಕಾರಣವೇ ಇಲ್ಲ. ಸೀಲಿಂಗ್ ಫ್ಯಾನ್ ಲೆಕ್ಕ ಬೇರೆ. ಹಳೆಯದು 75 ವ್ಯಾಟ್, ಬಿಎಲ್‌ಡಿಸಿ ಮೋಟಾರಿನ ಹೊಸದು 30 ವ್ಯಾಟ್ ಆಸುಪಾಸು. ಒಂದಕ್ಕೆ 3,000 ರೂಪಾಯಿ ಹಿಡಿದರೆ ಹಣ ಹುಟ್ಟಲು ಎರಡೂವರೆ ವರ್ಷ ದಾಟುತ್ತದೆ. ಇಲ್ಲಿ ಬಾಡಿಗೆದಾರರು ಹಿಂಜರಿಯುತ್ತಾರೆ. ಆದರೆ ಫ್ಯಾನು, ಎಸಿ, ದೀಪ ಎಲ್ಲವೂ ಅವರು ಹೋಗುವಾಗ ಬಿಚ್ಚಿಕೊಂಡು ಹೋಗಬಹುದಾದ ವಸ್ತುಗಳು. ತಾವು ಕಟ್ಟಡಕ್ಕೆ ಜೋಡಿಸಿದ್ದನ್ನು ಬಾಡಿಗೆದಾರರು ಜಾಗವನ್ನು ಮೊದಲಿದ್ದಂತೆ ಬಿಟ್ಟುಕೊಟ್ಟು ತೆಗೆದುಕೊಂಡು ಹೋಗಲು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅದನ್ನೇ ಕರಾರಿನಲ್ಲಿ ಪಟ್ಟಿ ಮಾಡಿ ಬರೆದುಕೊಟ್ಟರೆ ಅವರಿಗೆ ಧೈರ್ಯ ಬರುತ್ತದೆ. ನಿಮಗೆ ಒಂದು ರೂಪಾಯಿಯೂ ಖರ್ಚಿಲ್ಲ.

ಎಸಿಯ ವಿಷಯದಲ್ಲಿ ಕೋಚಿಂಗ್ ಸೆಂಟರಿನವರಿಗೆ ನನ್ನ ಮಾತು ತಲುಪಿಸಿ. ಉಷ್ಣತೆಯನ್ನು ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ನೂರಕ್ಕೆ 6 ಭಾಗ ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಅಂದಾಜು. 2020ರ ಜನವರಿಯಿಂದ ದೇಶದಲ್ಲಿ ಮಾರಾಟವಾಗುವ ಸ್ಟಾರ್ ಗುರುತಿನ ರೂಮ್ ಎಸಿಗಳು ತಾವಾಗಿಯೇ 24 ಡಿಗ್ರಿಗೆ ಶುರುವಾಗುವಂತೆ ನಿಯಮವಿದೆ. ಆದರೂ ರಿಮೋಟ್ ಕೈಗೆ ಸಿಕ್ಕೊಡನೆ 18ಕ್ಕೆ ಇಳಿಸುವವರೇ ಹೆಚ್ಚು. 26ಕ್ಕಿಟ್ಟು ಫ್ಯಾನ್ ಹಾಕಿದರೆ ಮಕ್ಕಳಿಗೆ ಹಿತವಾಗಿಯೇ ಇರುತ್ತದೆ. ಇನ್ನೂ ಒಂದು ದಾರಿಯಿದೆ, ನಮ್ಮ ಊರಿಗೆ ಹೇಳಿ ಮಾಡಿಸಿದ್ದು. ಮಾರ್ಚ್‌ನಿಂದ ಮೇವರೆಗೆ ರಾಯಚೂರಿನ ಗಾಳಿ ಒಣಗಿರುತ್ತದೆ. ಇಂಥ ಗಾಳಿಯಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ದೊಡ್ಡ ಕೂಲರ್ ಕೂಡ ಇನ್ನೂರು ಚಿಲ್ಲರೆ ವ್ಯಾಟಿನಲ್ಲಿ ಓಡುತ್ತದೆ. ಹಳೆಯ ಒಂದೂವರೆ ಟನ್ ಎಸಿಗೆ ಒಂದೂವರೆ ಕಿಲೋವಾಟಿಗೂ ಹೆಚ್ಚು ಬೇಕು. ಆದರೆ ಕೂಲರಿಗೆ ಕಿಟಕಿಯಲ್ಲಿ ಜಾಗ ಬೇಕು, ಎದುರಿನ ಕಿಟಕಿ ತೆರೆದಿರಬೇಕು, ನೀರಿನ ಕೊಳವೆ ಬೇಕು. ಈ ಮೂರನ್ನೂ ಕೊಡಬೇಕಾದವರು ನೀವು.

ಮಾಲೀಕರು ಹಣವನ್ನೇ ಕೊಡಬೇಕೆಂದಿಲ್ಲ, ಎಷ್ಟೋ ಸಲ ಅನುಮತಿ ಕೊಟ್ಟರೆ ಸಾಕು ಎಂದು ನಾನು ಹೇಳುವುದು ಇದಕ್ಕೇ. ಕಟ್ಟಡದ ಅಂದ ಕೆಡುತ್ತದೆಂದು ಎಸಿಯ ಹೊರ ಪೆಟ್ಟಿಗೆಗಳನ್ನೆಲ್ಲ ಹಿಂದಿನ ಸಂದಿಯಲ್ಲಿ ಒಂದರ ಮೇಲೊಂದು ಜೋಡಿಸಲು ಹೇಳುವ ಮಾಲೀಕರಿದ್ದಾರೆ. ಕೆಳಗಿನದು ಉಗುಳಿದ ಬಿಸಿ ಗಾಳಿಯನ್ನು ಮೇಲಿನದು ಎಳೆದುಕೊಳ್ಳುತ್ತದೆ, ಬಿಲ್ಲು ಏರುತ್ತದೆ, ಯಂತ್ರ ಬೇಗ ಕೆಡುತ್ತದೆ. ತಾರಸಿಯ ಉತ್ತರದ ಬದಿಯಲ್ಲಿ ಗಾಳಿಯಾಡುವ ಜಾಗ ಗುರುತಿಸಿ ಕೊಡಿ. ಬಟ್ಟೆ ಅಂಗಡಿಯ ಶಟರ್ ಇಡೀ ದಿನ ಎತ್ತಿರುತ್ತದೆ, ಒಳಗಿನ ತಂಪು ಬೀದಿಗೆ ಹರಿಯುತ್ತದೆ. ಶಟರಿನ ಹಿಂದೆ ಗಾಜಿನ ಬಾಗಿಲು ಕೂರಿಸಲು ಅವರು ಕೇಳಿದರೆ ಒಪ್ಪಿಕೊಳ್ಳಿ. ಮೊದಲ ಮಹಡಿಯ ಕಿಟಕಿಗಳನ್ನು ಫ್ಲೆಕ್ಸ್ ಬೋರ್ಡು ಮುಚ್ಚಿದ್ದರೆ ಲ್ಯಾಬಿನವರು ಹಾಡಹಗಲೇ ದೀಪ ಹಾಕಿಕೊಂಡು ಕುಳಿತಿರುತ್ತಾರೆ. ಬೋರ್ಡಿನ ಜಾಗವನ್ನು ಕಿಟಕಿಯ ಕೆಳಗೆ ನಿಗದಿಮಾಡಿ. ಪಡುವಣ ಗೋಡೆಗೆ ಗಾಜು ಹಾಕಿಸಿದ್ದರೆ ಹೊರಗಡೆಯಿಂದ ನೆರಳು ಕೊಡಿ. ಒಳಗಿನ ಪರದೆ ಬಿಸಿಲು ಒಳಬಂದ ಮೇಲೆ ತಡೆಯುತ್ತದೆ, ಅಷ್ಟರಲ್ಲಿ ಬಿಸಿ ಕೋಣೆಯೊಳಗೆ ಬಂದಾಗಿರುತ್ತದೆ.

ಎಲ್ಲರೂ ಇಷ್ಟು ಮಾಡಿದ ಮೇಲೆ ಒಂದು ವರ್ಷದ ಗರಿಷ್ಠ ಬೇಡಿಕೆಯನ್ನು ನೋಡಿ. ಮಂಜೂರಾದ ಲೋಡಿಗಿಂತ ಅದು ಸಾಕಷ್ಟು ಕೆಳಗಿಳಿದಿದ್ದರೆ ಲೋಡ್ ಇಳಿಸಲು ಜೆಸ್ಕಾಂಗೆ ಅರ್ಜಿ ಹಾಕಿ. ಸಂಪರ್ಕ ನಿಮ್ಮ ಹೆಸರಿನಲ್ಲಿರುವುದರಿಂದ ಸಹಿ ನಿಮ್ಮದೇ ಬೇಕು. ಕಿಲೋವಾಟಿಗೆ ತಿಂಗಳಿಗೆ 200 ರೂಪಾಯಿ ಎಂದೇ ಹಿಡಿದರೂ 5 ಕಿಲೋವಾಟ್ ಇಳಿದರೆ ವರ್ಷಕ್ಕೆ 12,000 ರೂಪಾಯಿ. ಜನರೇಟರ್ ಇರುವ ಕಟ್ಟಡಗಳಲ್ಲಿ ಲಾಭ ಇನ್ನೂ ದೊಡ್ಡದು. ಸಣ್ಣ ಜನರೇಟರ್ ಒಂದು ಲೀಟರ್ ಡೀಸೆಲ್‌ಗೆ ಮೂರು ಯೂನಿಟ್ ಕೊಟ್ಟರೆ ಹೆಚ್ಚು. ಲೀಟರಿಗೆ 90 ರೂಪಾಯಿಯಂತೆ ಆ ಯೂನಿಟ್ 30 ರೂಪಾಯಿ ಬೀಳುತ್ತದೆ. ಜೆಸ್ಕಾಂ ಕರೆಂಟಿನಲ್ಲಿ ಉಳಿದ ಒಂದು ಯೂನಿಟ್ 8 ರೂಪಾಯಿಯಾದರೆ ಜನರೇಟರ್ ಓಡುವಾಗ ಉಳಿದದ್ದು 30.

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದವರೂ ಇಂಥದೇ ಪ್ರಶ್ನೆ ಕೇಳುತ್ತಿರುತ್ತಾರೆ, ಅವರಿಗೂ ಒಂದು ಮಾತು. ಬಾಡಿಗೆ ಶೆಡ್ಡಿನ ತಗಡಿನ ಮಾಡು ಮಾಲೀಕರದು, ಹೊಲಿಗೆ ಯಂತ್ರ ನಿಮ್ಮದು. ಹಳೆಯ ಕ್ಲಚ್ ಮೋಟಾರು ನೀವು ಹೊಲಿಯದೆ ಕುಳಿತಾಗಲೂ ತಿರುಗುತ್ತಿರುತ್ತದೆ, ಸರ್ವೊ ಮೋಟಾರು ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ; ಬಳಕೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಶೆಡ್ ಬದಲಿಸಿದರೂ ಮೋಟಾರು ನಿಮ್ಮ ಜೊತೆ ಬರುತ್ತದೆ. ಮೊದಲು ಅದನ್ನು ಮಾಡಿ. ತಗಡಿನ ಮೇಲೆ ಬಿಳಿ ಬಣ್ಣ ಹಚ್ಚಿಸುವ ಮಾತನ್ನು ಕರಾರು ನವೀಕರಿಸುವಾಗ ಎತ್ತಿ. ಕಾದ ತಗಡಿನ ಕೆಳಗೆ ದಿನವಿಡೀ ಹೊಲಿಯುವವರ ಮೈಗೆ ಆಗುವ ದಣಿವು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ, ಅದನ್ನೂ ಮಾಲೀಕರಿಗೆ ಹೇಳಿ.

ರಾಯಚೂರಿನವರಾಗಿ ನಮಗೆ ಈ ವಿಷಯದಲ್ಲಿ ಒಂದು ಹೆಚ್ಚಿನ ಹೊಣೆಯೂ ಇದೆ ಎಂದು ನಾನು ನಂಬಿದ್ದೇನೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ನಮ್ಮ ಪಕ್ಕದಲ್ಲೇ ಕಲ್ಲಿದ್ದಲು ಉರಿಸುತ್ತಿದೆ, ಆಮೇಲೆ ಯರಮರಸ್ ಬಂತು. ಒಂದು ಯೂನಿಟ್‌ಗೆ ಮುಕ್ಕಾಲು ಕಿಲೋದಷ್ಟು ಕಲ್ಲಿದ್ದಲು ಬೇಕು. ನಿಮ್ಮ ತಾರಸಿ ಉಳಿಸುವ 1,500 ಯೂನಿಟ್ ಎಂದರೆ ವರ್ಷಕ್ಕೆ ಒಂದು ಟನ್ನಿನಷ್ಟು. ಆ ಕಲ್ಲಿದ್ದಲಿನ ಬೂದಿ ಬೀಳುವುದು ನಮ್ಮದೇ ಹೊಲ ಮನೆಗಳ ಸುತ್ತ.

ಇನ್ನು ಸೋಲಾರ್. ಹಾಕಿಸಬಹುದು, ಆದರೆ ಮೇಲಿನದೆಲ್ಲ ಆದ ಮೇಲೆ. ಸೋರಿಕೆ ನಿಲ್ಲಿಸದೆ ಫಲಕ ಹಾಕಿಸುವುದು ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಒಂದು ಕಿಲೋವಾಟ್ ಫಲಕಗಳಿಗೆ ಸುಮಾರು 100 ಚದರಡಿ ಜಾಗ ಬೇಕು, ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಸಿಗುತ್ತದೆ. ಫಲಕದ ನೆರಳು ತಾರಸಿಗೂ ಬೀಳುವುದರಿಂದ ಮೇಲಿನ ಮಹಡಿಗೆ ಅದು ಎರಡನೆಯ ಲಾಭ. ಮನೆಗಳಿಗಿರುವ ಪಿಎಂ ಸೂರ್ಯಘರ್ ಸಹಾಯಧನ ವಾಣಿಜ್ಯ ಕಟ್ಟಡಕ್ಕೆ ಸಿಗುವುದಿಲ್ಲ, ಲೆಕ್ಕ ಹಾಕುವಾಗ ಅದನ್ನು ನೆಚ್ಚಿಕೊಳ್ಳಬೇಡಿ. ಬಾಡಿಗೆ ಕಟ್ಟಡದಲ್ಲಿ ಮೊದಲು ಬಗೆಹರಿಯಬೇಕಾದದ್ದು ಫಲಕವನ್ನು ಯಾರ ಮೀಟರಿಗೆ ಜೋಡಿಸುವುದು ಎಂಬ ಪ್ರಶ್ನೆ. ಫಲಕದ ವಿದ್ಯುತ್ತನ್ನು ಬಿಲ್ಲಿನ ಲೆಕ್ಕದಲ್ಲಿ ಕಳೆಯುವ ನೆಟ್ ಮೀಟರ್ ಸಾಮಾನ್ಯವಾಗಿ ಒಂದು ಆರ್‌ಆರ್ ಸಂಖ್ಯೆಗೆ ಜೋಡಣೆಯಾಗುತ್ತದೆ; ಬೇರೆಬೇರೆ ಸಂಪರ್ಕಗಳಾದ ಮೇಲೆ ಆ ವಿದ್ಯುತ್ ಅವುಗಳಲ್ಲಿ ಒಂದಕ್ಕೆ ಹೋಗುತ್ತದೆ. ಹಗಲಿನ ಬಳಕೆ ಹೆಚ್ಚಿರುವ, ದೀರ್ಘ ಕರಾರಿಗೆ ಒಪ್ಪುವ ಬಾಡಿಗೆದಾರರೊಡನೆ ಇದನ್ನು ಮಾತಾಡಿ. ನಿಮ್ಮ ಕಟ್ಟಡದಲ್ಲಿ ಅದು ಬಟ್ಟೆ ಅಂಗಡಿ ಇರಬಹುದು, ಏಕೆಂದರೆ ಕೋಚಿಂಗ್‌ನವರ ಜೋರು ಸಂಜೆಯ ಹೊತ್ತಿಗೆ. ಫಲಕಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಇರುವುದರಿಂದ ತಾರಸಿಯ ಬಿರುಕುಗಳನ್ನು ಮುಚ್ಚಿಸಿ ಬಿಳಿ ಲೇಪನ ಮುಗಿಸಿದ ಮೇಲೆಯೇ ಚೌಕಟ್ಟು ನಿಲ್ಲಿಸಿ. ನೀರಿನ ಟ್ಯಾಂಕಿಗೆ ಹೋಗಲು, ತಾರಸಿ ಮತ್ತು ಫಲಕ ತೊಳೆಯಲು ಸುತ್ತ ಓಡಾಡುವಷ್ಟು ಜಾಗ ಬಿಡುವಂತೆ ಗುತ್ತಿಗೆದಾರರಿಗೆ ನಕ್ಷೆ ಹಾಕುವಾಗಲೇ ಹೇಳಿ.